ರಾಮನಗರದ ಮಾಲಿನ ಬೆಂಚು

ಕಾಶಿಯ ಎದುರು ದಡದ ರಾಮನಗರದಲ್ಲಿ ಮಾಲ್ ಹೊಸದಾಗಿ ತೆರೆದಾಗ ಊರಿಗೆ ಊರೇ ಎಸ್ಕಲೇಟರ್ ಹತ್ತಲು ಬರುತ್ತಿತ್ತು. ನಾನೂ ಹೆಂಡತಿಯೂ ಭಾನುವಾರ ಗಂಗೆಯ ಸೇತುವೆ ದಾಟಿ ಹೋಗಿ, ಬಾಗಿಲ ಪಕ್ಕದ ಬೆಂಚಿನಲ್ಲಿ ಎಸಿ ಗಾಳಿಗೆ ಕೂತು, ಕಾಶಿಯಲ್ಲಿ ಯಾರಿಗೆ ತಿಳಿದೀತೆಂದು ಕನ್ನಡದಲ್ಲಿ ಎಲ್ಲರನ್ನೂ ಆಡಿಕೊಳ್ಳುತ್ತಿದ್ದೆವು. ಬರುಬರುತ್ತ ಅಂಗಡಿಗಳು ಖಾಲಿಯಾದವು.

ಮೊನ್ನೆ ಒಬ್ಬನೇ ಹೋದರೆ ಷಟರ್ ಎಳೆದಿತ್ತು. ಹಳೆಯ ಕಾವಲುಗಾರ ಮಾತ್ರ ಸ್ಟೂಲಿನ ಮೇಲಿದ್ದ. "ಕಬ್ ಬಂದ್ ಹುವಾ, ಭಯ್ಯಾ?" ಎಂದೆ.

"ಹೋದ ಚಳಿಗಾಲದಾಗ್ರಿ," ಎಂದ, ಕನ್ನಡದಲ್ಲೇ. "ಇಲ್ಲಿ ಜಂಗಮವಾಡಿ ಮಠದಾಗ ಕನ್ನಡ ಸ್ವಾಮಿಗಳ ಹತ್ರ ಹತ್ತು ವರ್ಷ ಕೆಲಸಕ್ಕಿದ್ದೆ. ನನಗ 'ನಿಂತಲ್ಲೇ ನಿದ್ದೆ ಹೊಡೆಯೋ ಮೀಸೆ' ಅಂತಿದ್ರಲ್ಲ, ಆ ಅಕ್ಕಾವ್ರು ಬರಲಿಲ್ಲೇನ್ರಿ?"

ತೀರಿಕೊಂಡಳು ಎಂದೆ. ಅವನು ಸ್ಟೂಲು ಬಿಟ್ಟುಕೊಟ್ಟ. ನನ್ನ ಕಿವಿ ಅವಳ ಮಾತಿಗೆ ಹಸಿದಿತ್ತು. ನಾಚಿಕೆ ಬಿಟ್ಟು, "ಇನ್ನೇನೇನು ಅಂತಿದ್ದಳು?" ಎಂದು ಕೇಳಿದೆ.

"ನಿಮ್ಮ ಎದುರಿಗೆ ಅಂದದ್ದು ಹೇಳ್ಲೋ, ನೀವು ಚಾ ತರಾಕ ಹೋದಾಗ ಫೋನಿನ್ಯಾಗ ತಂಗಿಗೆ ಅಂದದ್ದು ಹೇಳ್ಲೋ?"