ಗಣಿಯ ಆಳದ ಸೊನ್ನೆಗಳು

ನಾಸಿಕ್‌ನ ಕನ್ನಡ ಸಂಘದವರು ನನ್ನನ್ನು ರಾಜ್ಯೋತ್ಸವದ ಉಪನ್ಯಾಸಕ್ಕೆ ಕರೆದದ್ದು ಒಮ್ಮೆ ಮಾತ್ರ. ನಾನು ಒಪ್ಪಿದ್ದು ಸಂಘದ ಮೇಲಿನ ಪ್ರೀತಿಯಿಂದಲ್ಲ. ನನ್ನ ಹೆಂಡತಿ ಆ ಸಭೆಯಲ್ಲಿ ಕುಳಿತು ಕೇಳಲಿ ಎಂದು. ಮದುವೆಯಾದ ಹೊಸತರಲ್ಲಿ ನಾನು ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳನ್ನು ಎಣಿಸುವ ಪ್ರಯೋಗವೊಂದರ ಸಹಾಯಕನಾಗಿದ್ದೆ. ನಮ್ಮ ಮೊದಲ ಕೂಸು ತೀರಿಕೊಂಡ ದಿನವೂ ಗಣಿಯೊಳಗಿದ್ದೆ. ಅಲ್ಲಿ ನನಗೇನು ಕೆಲಸವಿತ್ತೆಂದು ಆಕೆ ನಲವತ್ತು ವರ್ಷಗಳಲ್ಲಿ ಕೇಳಿದವಳಲ್ಲ. ನಾನಾಗಿ ಹೇಳಹೊರಟಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ನಾಲ್ಕು ಜನರೆದುರು ಹಾಗೆ ಎದ್ದು ಹೋಗಲಾರಳೆಂದು ನನ್ನ ಲೆಕ್ಕ.

ಹನ್ನೆರಡು ಪುಟ ಬರೆದುಕೊಂಡೆ. ನಾವಿರುವ, ಆಗಿನ್ನೂ ಔರಂಗಾಬಾದ್ ಎನಿಸಿಕೊಳ್ಳುತ್ತಿದ್ದ ಈಗಿನ ಸಂಭಾಜಿನಗರದಿಂದ ಇಬ್ಬರೂ ಬೆಳಗಿನ ಬಸ್ಸು ಹಿಡಿದೆವು.

ವೇದಿಕೆಯ ಹಿಂದಿನ ಫ್ಲೆಕ್ಸ್‌ನಲ್ಲಿ ಮೊಳದುದ್ದದ ಅಕ್ಷರಗಳು: ‘ವಿಶ್ವ ಕಿರಾಣಾ: ಆರಂಭದ ಸಂಶೋಧನೆಗಳು’. ಸಂಘದ ಕಾರ್ಯದರ್ಶಿ ವಿಷಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಸ್ಸೆಮ್ಮೆಸ್ ಮಾಡಿದ್ದರಂತೆ. ಪಂಚವಟಿಯ ಮರಾಠಿ ಮುದ್ರಕನಿಗೆ ಅದರಲ್ಲಿ ಕಂಡದ್ದು ದಿನಸಿ ಅಂಗಡಿ. ಹಾಗೆಯೇ ಕನ್ನಡ ಲಿಪಿಗೆ ಇಳಿಸಿದ್ದ.

ಅಧ್ಯಕ್ಷರು ಕರಾವಳಿಯವರು, ನಾಸಿಕ್ ರೋಡ್‌ನಲ್ಲಿ ಹೋಟೆಲ್ ನಡೆಸುವವರು. ಫ್ಲೆಕ್ಸನ್ನು ಗಟ್ಟಿಯಾಗಿ ಓದಿ ಮೈಕ್ ಹಿಡಿದರು.

“ಸಾರ್, ನಮ್ಮ ಹೋಟೆಲಿಗೆ ಉದ್ದಿನಬೇಳೆ ಬೇಕಿತ್ತು ಮಾರಾಯ್ರೆ. ವಿಶ್ವದಲ್ಲಿ ಕಿಲೋಗೆ ಎಷ್ಟು ನಡೀತಾ ಉಂಟು?”

ಸಭೆ ನಕ್ಕಿತು. ಮೊದಲು ನಕ್ಕ ನಾಲ್ವರ ಮುಖಗಳನ್ನು ನಾನು ಇಂದಿಗೂ ಗುರುತಿಸಬಲ್ಲೆ.

ಅದು ಕಿರಾಣಾ ಅಲ್ಲ, ಕಿರಣ ಎಂದು ತಿದ್ದಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆರಂಭದ ಸಂಶೋಧಕರು ಆಕಾಶದಿಂದ ಬರುವ ಇದನ್ನು ಬೆಳಕಿನಂಥದ್ದೇ ಎಂದು ಭಾವಿಸಿ ಆ ಹೆಸರಿಟ್ಟರು, ಬಹುಪಾಲು ವಿದ್ಯುದಾವೇಶವುಳ್ಳ ಕಣಗಳೆಂದು ಆಮೇಲೆ ತಿಳಿಯಿತು, ಆದ್ದರಿಂದ ‘ಕಿರಣ’ ಎಂಬುದೂ ಸರಿಯಲ್ಲ ಎಂದುಬಿಟ್ಟೆ.

“ಹಾಗಾದ್ರೆ ಬರೆದದ್ದೂ ತಪ್ಪು, ತಿದ್ದಿದ್ದೂ ತಪ್ಪು! ಫ್ಲೆಕ್ಸ್ ಇರ್ಲಿ ಬಿಡಿ ಸಾರ್.”

ಈ ಬಾರಿ ಎರಡನೆಯ ಸಾಲಿನಲ್ಲಿ ನನ್ನ ಹೆಂಡತಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಹನ್ನೆರಡೂ ಪುಟಗಳನ್ನು ಓದಿದೆ, ಒಂದು ಸಾಲನ್ನೂ ಬಿಡದೆ. ಆಳಕ್ಕಿಳಿದಂತೆ ಕಣಗಳು ವಿರಳವಾಗುವುದನ್ನು, ತೀರ ಕೆಳಗೆ ವಾರಗಟ್ಟಲೆ ಒಂದೂ ಬಾರದಿದ್ದುದನ್ನು, ಆ ಮೌನವೇ ಪ್ರಯೋಗದ ಫಲವಾದುದನ್ನು ವಿವರಿಸಿದೆ. ದಾಖಲೆ ಪುಸ್ತಕದಲ್ಲಿ ದಿನದಿನವೂ ಸೊನ್ನೆ ಬರೆಯುತ್ತಿದ್ದವನು ನಾನೇ ಎಂದೆ. ಅಷ್ಟರಲ್ಲಿ ಅಧ್ಯಕ್ಷರು ಪಕ್ಕದ ಕೋಣೆಯಲ್ಲಿ ಊಟದ ಎಲೆ ಹಾಕಿಸುತ್ತಿದ್ದರು.

ಮರಳುವಾಗ ಬಸ್ಸು ಅರ್ಧ ದಾರಿಯ ಯೇವಲಾ ದಾಟುವವರೆಗೆ ಆ ನಗುವನ್ನೇ ಮೆಲುಕು ಹಾಕಿದೆ. ಆಮೇಲೆ ಕೇಳಿದೆ:

“ಆ ಹೋಟೆಲಿನಾಂವನ ಮಾತಿಗೆ ನೀನೂ ನಗೋದೇನ?”

“ನಗಿ ಬಂತು, ನಕ್ಕೆ,” ಎಂದಳು. ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಆಕೆಯೇ ಕೇಳಿದಳು: “ಕೂಸು ಹೋದ ದಿವಸ ಆ ಪುಸ್ತಕದಾಗ ಏನ ಬರದಿದ್ರಿ?”

ನೆನಪಿಲ್ಲ ಎನ್ನಬಹುದಿತ್ತು. ನಾನು ಮರೆಯುವವನಲ್ಲವೆಂದು ಆಕೆಗೆ ಗೊತ್ತು.

“ಸೊನ್ನಿ,” ಎಂದೆ.

“ಹಂಗಾದ್ರ ನಾ ನಕ್ಕಿದ್ದು ಭಾಳ ಕಡಿಮಿ ಆತ್ರಿ.”

ಸಂಘದವರು ದಾರಿಗೆಂದು ಕಟ್ಟಿಕೊಟ್ಟ ಚಕ್ಕಲಿಯ ಪೊಟ್ಟಣವನ್ನು ಬಿಚ್ಚಿ, ಊರು ಬರುವವರೆಗೆ ಒಬ್ಬಳೇ ತಿಂದಳು. ನನಗೆ ಒಂದು ತುಣುಕನ್ನೂ ಕೊಡಲಿಲ್ಲ.