ತುಂಬಿಸಿದ ವೃತ್ತ

ಸರ್ ಮಾನಿಟರ್ ನೋಡುವಾಗ ಕನ್ನಡಕವನ್ನು ಹಣೆಗೇರಿಸಿ, ಮೂಗಿಗೂ ಗಾಜಿಗೂ ಒಂದು ಬೆರಳಿನಷ್ಟೇ ಅಂತರ ಉಳಿಯುವ ಹಾಗೆ ಬಾಗುತ್ತಿದ್ದರು. ಆಗಿನ ದಪ್ಪ ಡಬ್ಬಿ ಮಾನಿಟರುಗಳ ಗಾಜಿನಲ್ಲಿ ಸಣ್ಣಗೆ ವಿದ್ಯುತ್ ಇರುತ್ತಿತ್ತಲ್ಲ, ಅದಕ್ಕೆ ಅವರ ಮೀಸೆಯ ಬಿಳಿಗೂದಲು ಒಂದೊಂದೇ ಸೆಟೆದು ಪರದೆಯ ಕಡೆ ವಾಲುತ್ತಿತ್ತು. ಮೀಸೆಗೂ ಅನುಮಾನ ಬಂದಿದೆ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಟೈಲ್ಸ್ ಅಂಗಡಿಯೊಂದರ ಮೇಲೆ ನಮ್ಮ ಕಚೇರಿ. ಹೊರದೇಶದ ಕಂಪನಿಗಳು ಇಲ್ಲಿಯ ಕಾರ್ಖಾನೆಗಳ ಜೊತೆ ವ್ಯವಹಾರಕ್ಕೆ ಇಳಿಯುವ ಮೊದಲು ಯಾರು ಗಟ್ಟಿ, ಯಾರು ಟೊಳ್ಳು ಎಂದು ತಿಳಿಯಲು ನಮ್ಮನ್ನು ಕೇಳುತ್ತಿದ್ದವು. ನಾವು ಊರೂರು ತಿರುಗಿ ವಿಚಾರಿಸಿ, ತಿಳಿದದ್ದನ್ನು ನಕ್ಷೆ ಮಾಡಿ ಸಿ.ಡಿ.ಯಲ್ಲಿ ಕಳಿಸುತ್ತಿದ್ದೆವು. ಬರೀ ನೋಡುವ ನಕ್ಷೆಯಲ್ಲ. ಒಂದೊಂದು ಕಾರ್ಖಾನೆಗೆ ಒಂದೊಂದು ವೃತ್ತ. ಕಾರ್ಖಾನೆ ದೊಡ್ಡದಾದಷ್ಟೂ ದೊಡ್ಡ ವೃತ್ತ. ಕೆಳಗಿನ ಪಟ್ಟಿಯನ್ನು ಎಳೆದರೆ ವರ್ಷಗಳು ಸರಿದು ವೃತ್ತಗಳು ಉಬ್ಬುತ್ತಿದ್ದವು, ಕುಗ್ಗುತ್ತಿದ್ದವು. ವೃತ್ತದ ಮೇಲೆ ಒತ್ತಿದರೆ ಆ ಕಾರ್ಖಾನೆಯ ಕಾರ್ಡು ತೆರೆಯುತ್ತಿತ್ತು. ಇದೆಲ್ಲದರ ವಿನ್ಯಾಸ ಸರ್ ಅವರದು. ಧಾರವಾಡದಿಂದ ಚಿತ್ರಕಲೆ ಕಲಿಯಲು ವಡೋದರಾಕ್ಕೆ ಬಂದು ಅಲ್ಲೇ ನಿಂತವರು. ಮನೆ ಅಲ್ಲಿಯ ಮಂಜಲ್‌ಪುರದಲ್ಲಿ. ದಿನಾ ರೈಲಿನಲ್ಲಿ ಅಹಮದಾಬಾದಿಗೆ ಅಪ್‌ಡೌನ್. ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅರ್ಧ ನನಗೆ.

ನಾನು ದಾವಣಗೆರೆಯವಳು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಯಾವ ವಿಷಯಕ್ಕಾದರೂ ಪರ, ವಿರೋಧ ಎರಡನ್ನೂ ನಿಂತಲ್ಲೇ ವಾದಿಸುವ ಚಟ ಹತ್ತಿಸಿಕೊಂಡಿದ್ದೆ. ಸಂದರ್ಶನದಲ್ಲಿ ಸರ್ ಕೇಳಿದ ಮೊದಲ ಪ್ರಶ್ನೆಗೇ, ಪ್ರಶ್ನೆ ಸರಿಯಿಲ್ಲ ಎಂದಿದ್ದೆ. ಅವತ್ತಿನಿಂದ ಅವರ ಬಾಯಲ್ಲಿ ನಾನು ‘ವಕೀಲಮ್ಮ’.

ಕೆಲಸ ಕಲಿತದ್ದೆಲ್ಲ ಅವರ ಜೊತೆ ಜಗಳವಾಡಿಯೇ. ಬಂದರಿನಿಂದ ಕಾರ್ಖಾನೆಗೆ ಎಷ್ಟು ಕಿಲೋಮೀಟರ್ ಎಂದು ನಾನು ನಕ್ಷೆಯಲ್ಲಿ ಹಾಕಿದರೆ ಅವರು ಅಳಿಸಿ, ತಾಸು ಹಾಕು ಎನ್ನುತ್ತಿದ್ದರು. ಈ ಊರನ್ನೇ ನೋಡದವನಿಗೆ ಕಿಲೋಮೀಟರ್ ಏನು ಹೇಳುತ್ತದೆ? ಲಾರಿಗೆ ಎಷ್ಟು ತಾಸು ಹಿಡಿಯುತ್ತದೆ ಎನ್ನುವುದು ಅವನಿಗೆ ಬೇಕು. ಕೆಟ್ಟ ಕಾರ್ಖಾನೆಗೆ ನಾನು ಕೆಂಪು ಬಳಿದರೆ ಅದನ್ನೂ ಅಳಿಸುತ್ತಿದ್ದರು. ತೀರ್ಪು ಕೊಡಲು ನಮ್ಮನ್ನು ಯಾರು ಕೂರಿಸಿದರು, ಒತ್ತಿ ನೋಡುವವನೇ ತೀರ್ಮಾನಿಸಲಿ ಎಂಬುದು ಅವರ ವಾದ.

ಅವರ ಎರಡು ಕಟ್ಟಳೆಗಳನ್ನು ಮಾತ್ರ ನಾನು ಅಲ್ಲಾಡಿಸಲಾಗಲಿಲ್ಲ. ಒಂದು, ಪ್ರತಿ ಕಾರ್ಡಿನ ಕೊನೆಯ ಸಾಲು ‘ಹೇಳಿದವರು’ ಎಂದಿರಬೇಕು. ಅಲ್ಲಿ ಹೆಸರು, ಅವರ ಕೆಲಸ, ಅವರು ಕಣ್ಣಾರೆ ಕಂಡಿದ್ದೋ ಕೇಳಿದ್ದೋ ಎಂಬುದು. ಹೆಸರಿಲ್ಲದ ಅಂಕಿ ಗಾಳಿಮಾತು. ಎರಡು, ಗೊತ್ತಿಲ್ಲದ್ದಕ್ಕೆ ಬಣ್ಣ ತುಂಬಬಾರದು. ಗೆರೆ ಮಾತ್ರ ಎಳೆದು, ವೃತ್ತದ ಹೊಟ್ಟೆ ಖಾಲಿ ಬಿಡಬೇಕು.

ಈ ಖಾಲಿ ವೃತ್ತದ ಮೇಲೆ ನಾನು ಎರಡು ವಾರ ವಾದ ಮಾಡಿದೆ. ನೋಡಿದವರು ನಮ್ಮನ್ನು ಸೋಮಾರಿಗಳು ಅಂದುಕೊಳ್ಳುತ್ತಾರೆ, ಅಂದಾಜು ಹಾಕಿ ಕೆಳಗೆ ‘ಅಂದಾಜು’ ಎಂದು ಬರೆದರಾಯಿತಲ್ಲ ಎಂದೆ. ಸರ್ ಒಂದು ದಿನ ನನ್ನನ್ನು ವಡೋದರಾದ ಒಂದು ಪಂಪು ಕಾರ್ಖಾನೆಯ ಗೇಟಿಗೆ ಕರೆದುಕೊಂಡು ಹೋದರು. ಮಾಲೀಕರ ಹೊಳೆಯುವ ಪುಸ್ತಿಕೆಯಲ್ಲಿ ಮುನ್ನೂರು ಕೆಲಸಗಾರರು ಎಂದಿತ್ತು. ಸರ್ ಒಳಗೇ ಹೋಗಲಿಲ್ಲ. ಎದುರಿನ ಚಹಾದವನ ಪಕ್ಕ ಕೂತು, ಮಧ್ಯಾಹ್ನ ಒಳಗೆ ಎಷ್ಟು ಲೋಟ ಚಹಾ ಹೋಗುತ್ತದೆ ಎಂದು ಅವರ ಧಾರವಾಡದ ಗುಜರಾತಿಯಲ್ಲಿ ವಿಚಾರಿಸಿದರು. ಅರವತ್ತು.

“ಮುನ್ನೂರೂ ಸುಳ್ಳು ಇರಬಹುದು, ಅರವತ್ತೂ ಸುಳ್ಳು ಇರಬಹುದು. ಚಾ ಕುಡೀಲಾರದವರೂ ಇರ್ತಾರಲ್ಲ. ನಿನಗ ಖರೇ ಗೊತ್ತಿಲ್ಲ. ಗೊತ್ತಿಲ್ಲಂದ್ರ ಖಾಲಿ ಬಿಡು ವಕೀಲಮ್ಮ. ಖಾಲಿ ಬಿಡೂದಕ್ಕ ಎದಿಗಾರಿಕಿ ಬೇಕಾಗ್ತದ.”

ನಾನು ಸೋತೆ. ಸೋತು ಖುಷಿಪಟ್ಟದ್ದು ಅದೇ ಮೊದಲು. ಅಲ್ಲಿಯವರೆಗೆ ನನಗೆ ಸಿಕ್ಕ ಹಿರಿಯರೆಲ್ಲ ವಯಸ್ಸಿನಿಂದ ಗೆಲ್ಲುತ್ತಿದ್ದರು. ಇವರು ಚಹಾದ ಲೋಟ ಎಣಿಸಿ ಗೆದ್ದಿದ್ದರು.

ಆಮೇಲೆ ಸೂರತ್ತಿನ ಕೆಲಸ ಬಂತು. ಬಟ್ಟೆಗೆ ಬಣ್ಣ ಹಾಕುವ ಯಂತ್ರಗಳನ್ನು ಮಾಡುವ ಒಂದು ಪರದೇಶದ ಕಂಪನಿಗೆ ಅಲ್ಲಿಯ ಪಾಂಡೇಸರಾದ ಮಿಲ್ಲುಗಳ ಪೈಕಿ ಒಂದರಲ್ಲಿ ಪಾಲುದಾರಿಕೆ ಬೇಕಿತ್ತು. ನಾನು ಮಿಲ್ಲಿಂದ ಮಿಲ್ಲಿಗೆ ಅಲೆದೆ. ಒಂದು ಮಿಲ್ಲಿನ ಮಾಲೀಕರು ಎಂಟು ಯಂತ್ರಗಳೂ ಹಗಲಿರುಳು ಓಡುತ್ತಿವೆ ಎಂದು ಬರೆದುಕೊಟ್ಟರು. ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿ ಕನ್ನಡದಲ್ಲಿ ಮಾತಾಡುತ್ತಿದ್ದಾಗ, ಮೊಣಕೈವರೆಗೆ ನೇರಳೆ ಬಣ್ಣ ಹತ್ತಿದ್ದ ಒಬ್ಬರು ಹತ್ತಿರ ಬಂದು ನಿಂತರು. ಅದೇ ಮಿಲ್ಲಿನಲ್ಲಿ ಬಣ್ಣ ಹಾಕುವ ಕೆಲಸದ ಉಸ್ತುವಾರಿ ನೋಡುವ ಡೈಯಿಂಗ್ ಮಾಸ್ತರರು, ರಬಕವಿ ಕಡೆಯವರು. ಕನ್ನಡ ಕೇಳಿ ಎಷ್ಟು ವರ್ಷವಾಯಿತೋ, ಅವರ ಮುಖ ನೋಡಬೇಕಿತ್ತು.

ಮಿಲ್ಲಿನ ಹಿಂದಿನ ಅವರ ಕ್ವಾರ್ಟರ್ಸಿನಲ್ಲಿ ಚಹಾ ಕೊಟ್ಟರು. ನಾನು ಕೇಳಿದೆ, ಅವರು ಹೇಳಿದರು: ಎಂಟರಲ್ಲಿ ಮೂರು ಯಂತ್ರ ಮೂರು ತಿಂಗಳಿಂದ ನಿಂತಿವೆ. ಯಾರಾದರೂ ನೋಡಲು ಬಂದರೆ ನೀರು ಬಿಟ್ಟು ಸುಮ್ಮನೆ ತಿರುಗಿಸುತ್ತಾರೆ. ಹೇಳಿ ಮುಗಿಸಿದ ಮೇಲೆ ಅವರಿಗೇ ಭಯವಾಯಿತು.

“ತಂಗಿ, ನಮ್ಮ ಭಾಷಾ ಕೇಳಿ ಬಾಯಿ ಬಿಟ್ಟುಬಿಟ್ಟೆ. ನನ್ನ ಹೆಸರು ಎಲ್ಲೂ ಬರಬಾರದು ನೋಡವಾ. ಈ ಮನೀನೂ ಅವರದ, ಮಗಳು ಹತ್ತನೇ ಕ್ಲಾಸಿನ್ಯಾಗ ಅದಾಳ.”

ಬರುವುದಿಲ್ಲ ಎಂದು ಮಾತು ಕೊಟ್ಟೆ.

ಕಚೇರಿಗೆ ಬಂದು ಸರ್ ಮುಂದೆ ನನ್ನ ಜೀವನದ ಅತ್ಯುತ್ತಮ ವಾದ ಮಂಡಿಸಿದೆ. ಹೆಸರು ಬೇಕೆಂಬುದು ನಂಬಿಕೆಗಾಗಿ. ಆದರೆ ಹೆಸರು ಹಾಕಿದ ಕೂಡಲೇ ಇನ್ನು ಯಾರೂ ನಮ್ಮನ್ನು ನಂಬಿ ಬಾಯಿ ಬಿಡುವುದಿಲ್ಲ. ಆಗ ನಿಮ್ಮ ಕಟ್ಟಳೆ ತನ್ನನ್ನೇ ತಿಂದುಹಾಕುತ್ತದೆ. ಸರ್ ಕನ್ನಡಕ ಹಣೆಗೇರಿಸಿ ನನ್ನನ್ನೇ ಮಾನಿಟರಿನ ಹಾಗೆ ನೋಡಿದರು. ನಮ್ಮ ಪ್ರತಿಯಲ್ಲಿ ಹೆಸರಿರಲಿ, ಕಳಿಸುವ ಪ್ರತಿಯಲ್ಲಿ ‘ಮಿಲ್ಲಿನ ಒಳಗಿನವರು’ ಎಂದಷ್ಟೇ ಇಡೋಣ, ಹೆಸರು ತೆಗೆಯುವ ಕೆಲಸ ನಾನೇ ಮಾಡುತ್ತೇನೆ ಎಂದರು. “ನೀ ಮಾತು ಕೊಟ್ಟೀದಿ ಅಂದ್ರ ನಾ ಕೊಟ್ಟಂಗ ಆತು,” ಎಂದು ರೊಟ್ಟಿ ಮುರಿದು ಅರ್ಧ ನನ್ನ ಕಡೆ ತಳ್ಳಿದರು.

ಯಾರು ಏನೇ ಹೇಳಿದರೂ ಪುರಾವೆ ಕೇಳುತ್ತಿದ್ದ ನಾನು, ಕಳಿಸಿದ ಸಿ.ಡಿ.ಯನ್ನು ತೆರೆದು ನೋಡಲಿಲ್ಲ. ಗೆದ್ದ ಅಮಲು. ಅದಕ್ಕಿಂತ ಹೆಚ್ಚಾಗಿ, ಅವರು ಹೇಳಿದ್ದರಲ್ಲ.

ಒಂದು ತಿಂಗಳ ಮೇಲೆ ಕಚೇರಿಗೆ ಫೋನು ಬಂತು. ಮಾಸ್ತರರು. ಪರದೇಶದವರು ಮಾತುಕತೆಗೆಂದು ಬಂದು, ಮಾಲೀಕರ ಕೋಣೆಯಲ್ಲೇ ಲ್ಯಾಪ್‌ಟಾಪ್ ತೆರೆದು, ಎಂಟು ಯಂತ್ರವೆಂದಿರಿ, ಇಲ್ಲಿ ನೋಡಿ ಎಂದು ವೃತ್ತದ ಮೇಲೆ ಒತ್ತಿದ್ದರು. ಕಾರ್ಡು ತೆರೆದಿತ್ತು, ‘ಹೇಳಿದವರು’ ಎಂಬ ಕೊನೆಯ ಸಾಲಿನವರೆಗೂ. ಮಾಸ್ತರರನ್ನು ಅವತ್ತೇ ತೆಗೆದುಹಾಕಿದರು. ಕ್ವಾರ್ಟರ್ಸ್ ಬಿಡಲು ಒಂದು ವಾರ. ಅವರು ಬೈಯಲಿಲ್ಲ.

“ತಂಗಿ, ನನ್ನ ಹೆಸರು ಇಂಗ್ಲಿಷಿನ್ಯಾಗ ಭಾಳ ಚಂದ ಬರದೀರಿ. ನನಗ ಹಂಗ ಬರಿಯಾಕ ಬರೂದಿಲ್ಲ,” ಎಂದು ಫೋನಿಟ್ಟರು.

ಆ ಸಿ.ಡಿ.ಯ ಪ್ರತಿ ಹುಡುಕಿ ಹಾಕಿದೆ. ಒಂದೇ ಒತ್ತಿಗೆ ಆ ಕಾರ್ಡು ತೆರೆಯಿತು. ಅಕ್ಷರಗಳ ನಡುವಿನ ಅಂತರ, ಹೆಸರಿನ ಕೆಳಗಿನ ಸಣ್ಣ ಬೂದು ಗೆರೆ, ಎಲ್ಲ ಸರ್ ಅವರ ಕೈಚಳಕ.

ಮರೆತಿರಬಹುದು ಎಂದು ಅವರ ಪರವಾಗಿ ನಾನೇ ವಾದ ಕಟ್ಟಿಕೊಂಡು ಅವರ ಮೇಜಿನ ಬಳಿ ಹೋದೆ. ಅವರು ಆ ವಾದವನ್ನು ಮುಟ್ಟಲಿಲ್ಲ. ಸುಳ್ಳೂ ಹೇಳಲಿಲ್ಲ. ಹೆಸರಿಲ್ಲದ್ದನ್ನು ನಂಬುವುದಿಲ್ಲ ಎಂದು ಆ ಕಂಪನಿಯವರು ಹಟ ಹಿಡಿದರಂತೆ, ಇವರು ಹೆಸರು ಕೊಟ್ಟರಂತೆ. ಅದನ್ನು ಮಾಲೀಕರಿಗೇ ತೋರಿಸುತ್ತಾರೆ ಎಂದು ತಮಗೇನು ಗೊತ್ತಿತ್ತು?

“ಹೆಸರಿಲ್ಲದ ಅಂಕಿ ಗಾಳಿಮಾತು. ನಿನಗೂ ಅದನ್ನ ಕಲಿಸೀನಲ್ಲ,” ಎಂದರು.

“ಹೆಸರು ಹಾಕದೆ ನಂಬೋದಿಲ್ಲ ಅಂದ್ರೆ, ಆ ವೃತ್ತವನ್ನ ಖಾಲಿ ಬಿಡಬಹುದಿತ್ತಲ್ಲ ಸರ್?”

ಕನ್ನಡಕ ಹಣೆಯಿಂದ ಕೆಳಗಿಳಿಯಿತು. ಅವರು ಮಾನಿಟರಿನ ಕಡೆ ತಿರುಗಿದರು, ಆದರೆ ಬಾಗಲಿಲ್ಲ. ಕನ್ನಡಕ ಹಾಕಿಕೊಂಡು, ದೂರದಿಂದ, ಎಲ್ಲರ ಹಾಗೆ ನೋಡುತ್ತ ಕೂತರು. ಅವರ ಖಾಲಿ ವೃತ್ತದಿಂದಲೇ ನಾನು ಗೆದ್ದ ವಾದ ಅದೊಂದೇ. ಆ ಗೆಲುವನ್ನು ಯಾರಿಗಾದರೂ ಕೊಟ್ಟುಬಿಡಲು ನಾನು ಈಗಲೂ ತಯಾರು.

ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಅದಕ್ಕೂ ಮೊದಲು ಒಂದು ಭಾನುವಾರ ಪಾಂಡೇಸರಾಕ್ಕೆ ಹೋಗಿದ್ದೆ. ಮಾಸ್ತರರ ಮನೆಯ ಬಾಗಿಲಿಗೆ ಹೊಸ ಬೀಗ. ಪಕ್ಕದವರು ಹಿಂದಿಯಲ್ಲಿ, ಹೋದರು ಎಂದಷ್ಟೇ ಹೇಳಿದರು. ಎಲ್ಲಿಗೆ ಎಂದು ಕೇಳಿದರೆ, ನೀವು ಯಾರು ಎಂದು ಕೇಳಿದರು. ಮಾಸ್ತರರ ಪಾಲಿಗೆ ಮಾತು ತಪ್ಪಿದವಳು ನಾನೇ, ಸರ್ ಹೆಸರನ್ನೂ ಅವರು ಕೇಳಿರಲಿಲ್ಲ.

ಎರಡು ವರ್ಷದ ಮೇಲೆ ಸರ್ ತೀರಿಕೊಂಡರು. ಬೆಳಗಿನ ರೈಲಿನಲ್ಲಿ, ಕಿಟಕಿಗೆ ತಲೆ ಆನಿಸಿದವರು ಮತ್ತೆ ಏಳಲಿಲ್ಲವಂತೆ. ಅಪ್‌ಡೌನ್ ಗೆಳೆಯರು ನಿದ್ದೆ ಎಂದುಕೊಂಡು ಅಹಮದಾಬಾದಿನವರೆಗೂ ಎಬ್ಬಿಸಲಿಲ್ಲ. ನಾನು ಆಗ ವಡೋದರಾದಲ್ಲೇ ಬೇರೆ ಕೆಲಸದಲ್ಲಿದ್ದೆ. ಮಂಜಲ್‌ಪುರ ಆಟೋದಲ್ಲಿ ಹತ್ತು ನಿಮಿಷ. ಹೋಗಲಿಲ್ಲ. ಹೋಗದಿರಲು ಕಾರಣಗಳಿದ್ದವು, ಒಂದೊಂದನ್ನೂ ಚೆನ್ನಾಗಿ ವಾದಿಸಬಲ್ಲೆ. ಆದರೂ ಅವತ್ತು ಮಧ್ಯಾಹ್ನ ಡಬ್ಬಿ ತೆರೆದಾಗ ರೊಟ್ಟಿಯನ್ನು ಎರಡು ಮಾಡಿ, ಅರ್ಧವನ್ನು ತಿನ್ನಲಾಗದೆ ಮುಚ್ಚಿಟ್ಟೆ.

ಈಗಲೂ ನಕ್ಷೆಗಳನ್ನೇ ಮಾಡುತ್ತೇನೆ. ಗೊತ್ತಿಲ್ಲದ ಕಡೆ ವೃತ್ತವನ್ನು ಖಾಲಿ ಬಿಡುತ್ತೇನೆ. ಹೇಳಿದವರು ಬೇಡ ಎಂದರೆ, ಗೊತ್ತಿದ್ದ ಕಡೆಯೂ ಖಾಲಿ ಬಿಡುತ್ತೇನೆ; ಇದು ಅವರ ಕಟ್ಟಳೆಗೆ ನಾನು ಹಾಕಿದ ತಿದ್ದುಪಡಿ. ಮೊನ್ನೆ ಹೊಸ ಸಹೋದ್ಯೋಗಿ ಇದರ ಮೇಲೆ ನನ್ನ ಜೊತೆ ಜಗಳಕ್ಕೆ ನಿಂತಳು. ಖಾಲಿ ಬಿಡುವುದಕ್ಕೆ ಎದೆಗಾರಿಕೆ ಬೇಕು ಎಂದೆ. ಯಾರು ಹೇಳಿದ್ದು ಎಂದು ಕೇಳಿದಳು.

ಒಬ್ಬರು ಹೇಳಿದ್ದರು ಎಂದೆ. ಹೆಸರು ಕೇಳಿದಳು. ಹೆಸರಿಲ್ಲದ್ದು ಗಾಳಿಮಾತು ಎನ್ನುವ ಸರ್ ಇದನ್ನು ಓದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ಆದರೂ ನಾನು ಅವಳಿಗೆ ಹೇಳಲಿಲ್ಲ. ಇಲ್ಲೂ ಹೇಳಿಲ್ಲ.