ಒಂದೇ ಬಟನ್ನಿನ ರಿಮೋಟ್

ನಮ್ಮ ದೊಡ್ಡಪ್ಪನಿಗೆ ಕಣ್ಣಿಗೆ ಕಾಣದ ಬೆಳಕಿನ ಮೇಲೆ ಬಹಳ ನಂಬಿಕೆ. ದೇವರ ವಿಷಯ ಹೇಳುತ್ತಿಲ್ಲ, ರಿಮೋಟಿನ ಮೂತಿಯಲ್ಲಿರುವ ಪುಟಾಣಿ ಬಲ್ಬಿನ ವಿಷಯ. ಮೆಟ್ಟಿಲ ಕೆಳಗಿನ ಅವರ ರಿಪೇರಿ ಅಂಗಡಿಗೆ ಯಾರಾದರೂ "ಇದು ಸತ್ತೋಯ್ತು" ಎಂದು ರಿಮೋಟ್ ತಂದರೆ, ಮೊದಲು ಅದನ್ನು ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಬಟನ್ ಒತ್ತಿಸುತ್ತಿದ್ದರು. ಬರಿಗಣ್ಣಿಗೆ ಏನೂ ಇಲ್ಲ. ಮೊಬೈಲಿನಲ್ಲಿ ನೋಡಿದರೆ ನೇರಳೆ ಬಣ್ಣದ ಚುಕ್ಕಿಯೊಂದು ಮಿಣಮಿಣ ಎನ್ನುತ್ತಿರುತ್ತಿತ್ತು. "ಇದು ಮಾತಾಡ್ತಾನೇ ಇದೆ, ನಿಮ್ಮ ಟೀವಿಗೇ ಕಿವಿ ಕೇಳ್ತಿಲ್ಲ" ಎಂದು ವಾಪಸ್ ಕಳಿಸುತ್ತಿದ್ದರು. ಚುಕ್ಕಿ ಕಾಣದಿದ್ದರೆ ಮಾತ್ರ ಬಿಚ್ಚುವುದು, ಸ್ಪಿರಿಟ್ಟಿನಲ್ಲಿ ಒರೆಸುವುದು, ಸವೆದ ಬಟನ್ನಿನ ಬೆನ್ನಿಗೆ ಚಾಕಲೇಟಿನ ಬೆಳ್ಳಿ ಕಾಗದ ಅಂಟಿಸುವುದು. ಅರ್ಧಕ್ಕರ್ಧ ಜನರ ರಿಮೋಟಿಗೆ ರೋಗವೇ ಇರುತ್ತಿರಲಿಲ್ಲ. ಕುಣಿಯಲಾರದವರು ನೆಲ ಡೊಂಕು ಅಂದಂತೆ, ಅಷ್ಟೇ.

ದೊಡ್ಡಮ್ಮ, ಅಂದರೆ ನಮ್ಮಮ್ಮನ ಅಕ್ಕ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿದ್ದ ಕಾಲ ಅದು. ಆಗ ದೊಡ್ಡಪ್ಪ ರೇಡಿಯೋ ರಿಪೇರಿ ಕಲಿಯುತ್ತಿದ್ದ ಹುಡುಗ. ಪರವೂರಿನಲ್ಲಿದ್ದ ಅಣ್ಣನಿಗೆ ವಾರಕ್ಕೊಂದು ಕಾಲ್ ಮಾಡುತ್ತಿದ್ದರು. ಅಣ್ಣನ ಹತ್ತಿರ ಆಡಲು ಮಾತೇನೂ ಇರಲಿಲ್ಲ. "ಲೈನಲ್ಲೇ ಇರಿ" ಎನ್ನುವ, ಆಮೇಲೆ "ಸಿಕ್ಕಿದೆ, ಮಾತಾಡಿ" ಎನ್ನುವ ಆ ದನಿ ಕೇಳಬೇಕಿತ್ತು. ಅಣ್ಣ ಫೋನೆತ್ತಿದರೆ "ಅಲ್ಲಿ ಬಿಸಿಲಾ, ಮೋಡಾನಾ?" ಎಂದು ಕೇಳಿ ಮೂರು ನಿಮಿಷ ತಳ್ಳುತ್ತಿದ್ದರಂತೆ. ಒಂದು ದಿನ ಅಣ್ಣ ಫೋನೆತ್ತುವ ಮೊದಲೇ ನಡುವಿನಿಂದ ಆ ದನಿಯೇ ಉತ್ತರ ಕೊಟ್ಟಿತು: "ಇವತ್ತೂ ಬಿಸಿಲೇ, ಸಾರ್. ಬೇರೆ ಏನಾದ್ರೂ ಕೇಳಿ." ಕೇಳಬೇಕಾದ್ದನ್ನು ಕೇಳಲು ದೊಡ್ಡಪ್ಪನಿಗೆ ಮತ್ತೆ ಆರು ತಿಂಗಳು ಹಿಡಿಯಿತು. ಮದುವೆಯಾದ ಮೇಲೂ ಹೆಂಡತಿಯನ್ನು ಅವರು ಕರೆಯುತ್ತಿದ್ದದ್ದು "ಆಪರೇಟರ್" ಎಂದೇ.

ದೊಡ್ಡಮ್ಮ ಯಾರ ಹಂಗಿನಲ್ಲೂ ಇರುವವರಲ್ಲ. ನೀರು ಬೇಕಾದರೆ ತಾವೇ ಎದ್ದು ಹೋಗಿ ಕುಡಿಯಬೇಕು, ಯಾರಾದರೂ ಲೋಟ ತಂದುಕೊಟ್ಟರೆ ಮುಖ ಗಂಟು. ರಿಟೈರ್ ಆದ ಮೇಲೆ ಅವರಿಗೆ ಒಂದೇ ಚಟ. ಮಧ್ಯಾಹ್ನ ಕಿಟಕಿಯ ಪರದೆ ಎಳೆದು, ಸಮುದ್ರದೊಳಗಿನ ಮೀನುಗಳನ್ನು ತೋರಿಸುವ ಚಾನೆಲ್ ಹಾಕಿಕೊಂಡು ಕೂರುವುದು. ಅದರಲ್ಲಿ ಮಾತಿಲ್ಲ, ಕಥೆಯಿಲ್ಲ, ಬರೀ ನೀಲಿ ನೀರು. ಗೋಡೆ, ಕುರ್ಚಿ, ದೊಡ್ಡಮ್ಮನ ಬಿಳಿ ಕೂದಲು ಎಲ್ಲ ನೀಲಿಯಾಗಿ ತೂಗುತ್ತಿದ್ದವು. ನಾನಿರುವುದು ಅವರ ಮೇಲಿನ ಮನೆಯಲ್ಲಿ. ಕೆಳಗಿಳಿದು ಆ ಕೋಣೆಗೆ ಹೋದರೆ ಬಾಯಿ ಜೋರಿನ ನಾನೂ ಪಿಸುಗುಡುತ್ತಿದ್ದೆ.

ಆ ನೀರು ಬರಬೇಕಾದರೆ ಮೂರು ರಿಮೋಟ್ ಬೇಕು. ಟೀವಿಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು, ಸ್ಪೀಕರಿಗೊಂದು. ದೊಡ್ಡಮ್ಮ "ಇದು ಕೆಟ್ಟಿದೆ ರೀ" ಎನ್ನಲು ಶುರು ಮಾಡಿದರು. ದೊಡ್ಡಪ್ಪ ಸೆಲ್ ಬದಲಾಯಿಸಿದರು, ಬಿಚ್ಚಿದರು, ಒರೆಸಿದರು, ಮೊಬೈಲಿನ ಮುಂದೆ ಹಿಡಿದರು. ನೇರಳೆ ಚುಕ್ಕಿ ಚೆನ್ನಾಗಿಯೇ ಇತ್ತು. ಹೀಗೇ ಒಂದು ವರ್ಷ ಕಳೆಯಿತು. ಊರಿಗೆಲ್ಲ ರೋಗ ಹೇಳುವ ಮನುಷ್ಯ, ದೀಪದ ಬುಡದಲ್ಲೇ ಕತ್ತಲೆ. ಒಂದು ಬೆಳಿಗ್ಗೆ ದೊಡ್ಡಮ್ಮ ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳ ಹಿಂದೆ ಸರದಿಯಲ್ಲಿ ನಿಂತರು. ತಮ್ಮ ಸರದಿ ಬಂದಾಗ ರಿಮೋಟ್ ಮುಂದಿಟ್ಟು, "ಇದು ಕೆಲಸ ಮಾಡ್ತಿಲ್ಲ ಸಾರ್. ಯಾವಾಗ ಬರ್ಲಿ?" ಎಂದು ಕೇಳಿದರು.

"ಸಂಜೆ ಬನ್ನಿ" ಎಂದುಬಿಟ್ಟರು ದೊಡ್ಡಪ್ಪ, ತಲೆ ಎತ್ತದೆ, ರೂಢಿಯ ಮೇಲೆ. ಆಮೇಲೆ ತಲೆ ಎತ್ತಿದರು. ರೋಗ ರಿಮೋಟಿಗಲ್ಲ, ದೊಡ್ಡಮ್ಮನ ನೆನಪಿಗೆ ಎಂದು ಅವರಿಗೆ ಆಗ ಹೊಳೆಯಿತು.

ಆ ಸಂಜೆಯೇ ಅವರು ಯೂನಿವರ್ಸಲ್ ರಿಮೋಟ್ ಒಂದನ್ನು ಮನೆಗೆ ತಂದರು. ಹಳೆಯದನ್ನೂ ಹೊಸದನ್ನೂ ಮೂತಿಗೆ ಮೂತಿ ಇಟ್ಟು, ಹಳೆಯದರ ಬಟನ್ ಒತ್ತಿ, ಹೊಸದಕ್ಕೆ ಪಾಠ ಹೇಳಿಸಿದರು. ಮೂರು ಹೋಗಿ ಒಂದಾಯಿತು. ಅದರ ಮೇಲೆ ನಲವತ್ತು ಬಟನ್. ಕಪ್ಪು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೇಲೆ ಅಂಟಿಸಿ, ಒಂಬತ್ತು ಬಟನ್ ಮಾತ್ರ ಹೊರಗೆ ಕಾಣುವಂತೆ ಮಾಡಿದರು. ಕೆಲವು ತಿಂಗಳಿಗೆ ಒಂಬತ್ತೂ ಹೆಚ್ಚಾಯಿತು. ಹೊಸ ಹಾಳೆ ಬಂತು, ನಾಲ್ಕು ಉಳಿಯಿತು. ಅದೂ ಹೆಚ್ಚಾಯಿತು.

ನನಗೆ ತಡೆಯಲಾಗಲಿಲ್ಲ. "ಏನ್ ದೊಡ್ಡಪ್ಪ ಇದು, ಸುಮ್ನೆ ನೀವೇ ಹಾಕಿಕೊಡ್ಬಾರ್ದಾ? ದೊಡ್ಡಮ್ಮನಿಗೆ ಮೀನು ಕಂಡ್ರೆ ಸಾಕು!"

"ನಾನು ಹಾಕಿದ್ರೆ ಅದು ನನ್ನ ಟೀವಿ ಆಗುತ್ತೆ ಕಣೇ" ಎಂದರು. "ಅವಳಿಗೆ ಅಂತ ಉಳಿದಿರೋದು ಇದೊಂದೇ. ಇದಕ್ಕೂ ನನ್ನ ಕೇಳೋ ಹಾಗಾದ್ರೆ ಅವಳು ಅವಳಾಗಿರಲ್ಲ."

ಕೊನೆಗೆ ಒಂದೇ ಬಟನ್ ಉಳಿಯಿತು. ಒಮ್ಮೆ ಒತ್ತಿದರೆ ಸಾಕು, ಮೊದಲು ಟೀವಿ ಏಳುತ್ತದೆ, ಆಮೇಲೆ ಬಾಕ್ಸ್, ಸ್ಪೀಕರ್, ಎಲ್ಲ ಆದ ಮೇಲೆ ಮೀನಿನ ಚಾನೆಲ್. ದೊಡ್ಡಪ್ಪ ಒತ್ತಿದರೆ ಬರುತ್ತಿತ್ತು, ನಾನು ಒತ್ತಿದರೂ ಬರುತ್ತಿತ್ತು. ದೊಡ್ಡಮ್ಮ ಒತ್ತಿದರೆ ಬರೀ ಟೀವಿ ಹತ್ತಿಕೊಂಡು ಬೋಳು ಪರದೆ ನಿಲ್ಲುತ್ತಿತ್ತು. ಅವರು ಆ ಬೋಳನ್ನೇ ನೋಡುತ್ತಾ ಕೂರುತ್ತಿದ್ದರು. ಮೂರು ದಿನ ದೊಡ್ಡಪ್ಪ ಅನ್ನ ನೀರು ಮರೆತು ಅದರ ಹಿಂದೆ ಬಿದ್ದರು. ನಾಲ್ಕನೆಯ ದಿನ ರಿಮೋಟ್ ಬಿಟ್ಟು ದೊಡ್ಡಮ್ಮನ ಕೈ ನೋಡಿದರು. ನಾಲ್ಕು ಅಪ್ಪಣೆಗಳು ಒಂದಾದ ಮೇಲೊಂದು ಹೊರಡಲು ಎಂಟು ಸೆಕೆಂಡು ಬೇಕು, ಅಷ್ಟೂ ಹೊತ್ತು ರಿಮೋಟ್ ಟೀವಿಯ ಕಡೆಗೇ ಇರಬೇಕು. ದೊಡ್ಡಮ್ಮ ಒತ್ತಿದ ಕೂಡಲೇ ಕೈ ಮಡಿಲಿಗೆ ಇಳಿಸಿಬಿಡುತ್ತಿದ್ದರು. ಉಳಿದ ಬೆಳಕೆಲ್ಲ ಸೀರೆಯ ಮಡಿಕೆಗೆ ಹೋಗುತ್ತಿತ್ತು.

"ಹಾಗೇ ಹಿಡ್ಕೋ" ಎಂದರೆ ಅರ್ಥವಾಗಲಿಲ್ಲ. ಮಣಿಕಟ್ಟು ಹಿಡಿಯಲು ಹೋದರೆ ಕೊಡವಿದರು. ಹುಟ್ಟು ಗುಣ ಸುಟ್ಟರೂ ಹೋಗದು. ದೊಡ್ಡಪ್ಪ ಕೈಚೆಲ್ಲಿ ನೆಲದ ಮೇಲೆ ಕೂತರು. ಆಗ ನನ್ನ ಕಡೆಯೂ ದೊಡ್ಡಮ್ಮನ ಕಡೆಯೂ ನೋಡದೆ, ಗೋಡೆಗೆ ಹೇಳುವಂತೆ ಮೆಲ್ಲಗೆ ಹೇಳಿದರು: "ಆಪರೇಟರ್, ಲೈನಲ್ಲೇ ಇರ್ತೀರಾ?"

ದೊಡ್ಡಮ್ಮನ ಬೆನ್ನು ನೆಟ್ಟಗಾಯಿತು. ಬಟನ್ ಒತ್ತಿದರು. ಚಾಚಿದ ಕೈ ಅಲ್ಲಾಡಲಿಲ್ಲ. ಟೀವಿ ಎದ್ದಿತು, ಬಾಕ್ಸ್ ಎದ್ದಿತು, ಗೋಡೆಯ ಮೇಲೆ ನೀಲಿ ನೀರು ಹರಡಿಕೊಂಡಿತು. "ಸಿಕ್ಕಿದೆ, ಮಾತಾಡಿ" ಎಂದು ಮೀನುಗಳಿಗೆ ಹೇಳಿ ಕೈ ಇಳಿಸಿದರು. ನನಗೆ ಕಣ್ಣು ತುಂಬಿ ಬಂತು. ದೊಡ್ಡಪ್ಪ ಮಾತ್ರ ಗಡಿಯಾರ ನೋಡಿ, "ಎಂಟೂವರೆ ಸೆಕೆಂಡ್" ಎಂದರು.

ಆ ಚಳಿಗಾಲವೆಲ್ಲ ಮಧ್ಯಾಹ್ನಗಳು ಹಾಗೇ ನೀರಿನಲ್ಲಿ ತೇಲಿದವು. ದೊಡ್ಡಮ್ಮ ತಾವೇ ಹಾಕಿಕೊಳ್ಳುತ್ತಿದ್ದರು. ಆದರೆ "ರೀ" ಎನ್ನುವುದು ನಿಂತುಹೋಗಿತ್ತು. ಒಂದು ದಿನ ನನ್ನ ಸೆರಗು ಜಗ್ಗಿ, ಪಕ್ಕದ ಕುರ್ಚಿಯ ಕಡೆ ಕಣ್ಣು ಮಾಡಿ, "ಅವರು ಯಾರಮ್ಮಾ? ದಿನಾ ಬಂದು ಕೂರ್ತಾರೆ, ಪಾಪ" ಎಂದರು. ಕುರ್ಚಿಯಲ್ಲಿದ್ದ ದೊಡ್ಡಪ್ಪನಿಗೆ ಅದು ಕೇಳಿಸಿತು. ನಾನು ಏನೋ ಹೇಳಲು ಬಾಯಿ ತೆರೆದೆ, ಅವರು ಬೇಡ ಎಂದು ತಲೆಯಾಡಿಸಿದರು. ಆ ಮಧ್ಯಾಹ್ನ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಅಂಗಡಿಗೂ ಹೋಗಲಿಲ್ಲ. ಅವರ ಮುಖದ ಮೇಲೆ ಮೀನುಗಳ ನೆರಳು ಓಡಾಡುತ್ತಿತ್ತು.

ದೊಡ್ಡಮ್ಮ ಬಹಳ ಹೊತ್ತು ಅವರನ್ನೇ ನೋಡಿದರು. ಬೋಳು ಪರದೆಯನ್ನು ನೋಡುತ್ತಿದ್ದದ್ದು ಹಾಗೆಯೇ. ಆಮೇಲೆ ರಿಮೋಟ್ ತೆಗೆದುಕೊಂಡು, ಟೀವಿಯ ಕಡೆಯಿಂದ ನಿಧಾನವಾಗಿ ತಿರುಗಿಸಿ, ಗಂಡನ ಎದೆಗೆ ಹಿಡಿದು ಬಟನ್ ಒತ್ತಿದರು. ಕೈ ಇಳಿಸಲಿಲ್ಲ.

"ಲೈನಲ್ಲೇ ಇರಿ" ಎಂದರು. ನಾನು ಉಸಿರು ಬಿಗಿಹಿಡಿದು ಎಣಿಸಿದೆ, ಎಂಟರವರೆಗೂ. "ಸಿಕ್ಕಿದೆ, ಮಾತಾಡಿ."

ದೊಡ್ಡಪ್ಪ ಎರಡು ಸಲ ಕೆಮ್ಮಿದರು. "ಹಲೋ" ಎಂದರು. "ಹಲೋ... ಅಲ್ಲಿ ಬಿಸಿಲಾ, ಮೋಡಾನಾ?"

ದೊಡ್ಡಮ್ಮ ಪರದೆ ಎಳೆದ ಕಿಟಕಿಯ ಕಡೆ ಒಮ್ಮೆ ನೋಡಿದರು.

"ಇವತ್ತೂ ಬಿಸಿಲೇ, ಸಾರ್. ಬೇರೆ ಏನಾದ್ರೂ ಕೇಳಿ."

ದೊಡ್ಡಪ್ಪನಿಗೆ ಕೇಳಲು ಏನೂ ಹೊಳೆಯಲಿಲ್ಲ, ಅವತ್ತಿನ ಹಾಗೆಯೇ. ದೊಡ್ಡಮ್ಮ ಕೈ ಇಳಿಸದೆ ಕಾಯುತ್ತಿದ್ದರು.